ನೋವಿನ ಮಾತ್ರೆ ಸಂಧಿವಾತದ ಚಿಕಿತ್ಸೆಯಲ್ಲ

ಮಾನ್ಯರೇ,

ಮಂಡಿನೋವು ಎಂದರೆ ಸಾಕು, ಹಲವು ಔಷಧ ಅಂಗಡಿಗಳಲ್ಲಿ ವೈದ್ಯರ ಚೀಟಿಯನ್ನೂ ಕೇಳದೆ, ಹೆಸರಾಗಲಿ ಅವಧಿ ಮುಗಿಯುವ ದಿನಾಂಕವಾಗಲಿ ಕಾಣದಂತೆ ಕತ್ತರಿಸಿದ ನಾಲ್ಕು ಅಸೆಕ್ಲೋಫೆನಾಕ್ ಅಥವಾ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಮಾತ್ರೆಗಳನ್ನು ಕೈಗಿಡುತ್ತಾರೆ. ಇವು ಊತ ಮತ್ತು ನೋವಿಗೆ ಕಾರಣವಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಯನ್ನು ತಗ್ಗಿಸುತ್ತವೆ, ನಿಜ. ಆದರೆ ಜಠರದ ಒಳಪದರವನ್ನು ಕಾಯುವುದೂ ಮೂತ್ರಪಿಂಡಕ್ಕೆ ರಕ್ತಸಂಚಾರ ಕುಂದದಂತೆ ನೋಡಿಕೊಳ್ಳುವುದೂ ಅದೇ ರಾಸಾಯನಿಕವಾದ್ದರಿಂದ, ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ ಬೆನ್ನಿಗೇ ಬರಬಹುದು. ಜೊತೆಗೆ ನುಂಗುವ ಗ್ಯಾಸ್ ಮಾತ್ರೆ ಹೊಟ್ಟೆಯನ್ನು ಒಂದಷ್ಟು ಕಾಪಾಡೀತು, ಮೂತ್ರಪಿಂಡವನ್ನಲ್ಲ. ಬಿಪಿ ಮಾತ್ರೆ ಸೇವಿಸುವ ಹಿರಿಯರಿಗಂತೂ ಅಪಾಯ ಹೆಚ್ಚು. ಇದೇ ವರ್ಗದ ರೋಫೆಕಾಕ್ಸಿಬ್ ಎಂಬ ನೋವುನಿವಾರಕವನ್ನು ಹೃದಯಾಘಾತದ ಭೀತಿಯಿಂದ 2004ರಲ್ಲಿ ಮಾರುಕಟ್ಟೆಯಿಂದಲೇ ಹಿಂಪಡೆಯಲಾಯಿತು.

ನನಗೆ ಇದಕ್ಕಿಂತ ಆತಂಕಕಾರಿಯಾಗಿ ಕಾಣುವುದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಸಂಧಿವಾತದ ವಿಷಯ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದೆ ಲೋಟ ಹಿಡಿಯಲೂ ಒದ್ದಾಡುವವರು ಈ ಮಾತ್ರೆಯಿಂದ ಚೇತರಿಸಿಕೊಂಡಂತೆ ಕಂಡರೂ ಕೀಲುಗಳ ಸವೆತ ಒಳಗೊಳಗೇ ಮುಂದುವರಿಯುತ್ತದೆ. ಅದನ್ನು ತಡೆಯುವ ಮೆಥೊಟ್ರೆಕ್ಸೇಟ್‌ನಂಥ ಔಷಧವನ್ನು ತಜ್ಞರ ನಿಗಾದಲ್ಲಿ ಬೇಗನೆ ಆರಂಭಿಸಬೇಕು. ಔಷಧ ನಿಯಂತ್ರಣ ಇಲಾಖೆಯು ಚೀಟಿಯಿಲ್ಲದ ಈ ಮಾರಾಟಕ್ಕೆ ಕಡಿವಾಣ ಹಾಕಲಿ.

– ಓರ್ವ ಓದುಗ, ದಾವಣಗೆರೆ