ಕಿಲೋಮೀಟರ್ ಬಿಡು, ರಬ್ಬರು ನೋಡು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಳೇ ಕಾರಿನಲ್ಲೇ ದೂರದ ಹೆದ್ದಾರಿ ಹಿಡಿಯುತ್ತೀಯಂತೆ. ಹೋಗು, ಬೇಡ ಅನ್ನುವುದಿಲ್ಲ. ಆದರೆ "ಗಾಡಿ ಓಡಿರೋದೇ ಕಡಿಮೆ" ಅನ್ನುವ ನಿನ್ನ ಧೈರ್ಯ ನನಗೆ ಒಪ್ಪಿಗೆಯಿಲ್ಲ. ಎಂಜಿನ್ನಿನ ಲೋಹ ಓಡಿದಷ್ಟು ಸವೆಯುತ್ತದೆ, ಸರಿ. ರಬ್ಬರು ಹಾಗಲ್ಲ, ಗಾಡಿ ನಿಂತಲ್ಲೇ ನಿಂತಿದ್ದರೂ ವರ್ಷ ಕಳೆದಂತೆ ಗಡುಸಾಗಿ ಬಿರಿಯುತ್ತದೆ. ಊರೊಳಗೆ ಅರ್ಧ ಗಂಟೆ ಓಡಿಸುವಾಗ ಇದು ಗೊತ್ತಾಗುವುದಿಲ್ಲ. ಮೂರು ಗಂಟೆ ಒಂದೇ ಸಮನೆ 100ರ ವೇಗದಲ್ಲಿ ಹೋದಾಗ ಬಯಲಿಗೆ ಬರುತ್ತದೆ.

ಮೊದಲು ಟೈರು. ಪಕ್ಕದ ಗೋಡೆಯಲ್ಲಿ ಡಿಒಟಿ (DOT) ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕದಲ್ಲಿ ಹುಡುಕು. ಆರು ವರ್ಷ ದಾಟಿದ ಟೈರನ್ನು ತಿಳಿದವರಿಗೆ ತೋರಿಸು. ಹತ್ತು ದಾಟಿದ್ದರೆ ತೋರಿಸುವುದೂ ಬೇಡ, ತೆಗೆಸಿಬಿಡು, ಬಟನ್, ಅಂದರೆ ಟೈರಿನ ಮೇಲ್ಮೈಯ ಗೀರುಗಳ ಆಳ, ಎಷ್ಟೇ ಚೆನ್ನಾಗಿರಲಿ. ಸ್ಟೆಪ್ನಿಗೂ ಇದೇ ಲೆಕ್ಕ. ಅದನ್ನಂತೂ ಎಲ್ಲರೂ ಮರೆಯುತ್ತಾರೆ. ಬಟನ್ 3 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಮಳೆಯಲ್ಲಿ ನೀರು ಹೊರಹಾಕುವ ಶಕ್ತಿ ಸಾಲದು, ಕಾನೂನು ಏನೇ ಹೇಳಲಿ.

ಗಾಳಿಯನ್ನು ಟೈರು ತಣ್ಣಗಿರುವಾಗ ಬೆಳಿಗ್ಗೆ ನೋಡಿಸು. ಎಷ್ಟು ಹಾಕಬೇಕು ಅನ್ನುವುದು ಡ್ರೈವರ್ ಬಾಗಿಲ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಬರೆದಿರುತ್ತದೆ. ತುಂಬಿದ ಗಾಡಿಗೆ ಬೇರೆ ಅಂಕಿ ಇರುತ್ತದೆ, ಅದನ್ನೇ ಹಾಕಿಸು. ಬೇಸಿಗೆ ಅಂತ ಗಾಳಿ ಇಳಿಸುವವರ ಮಾತು ಕೇಳಬೇಡ. ಗಾಳಿ ಕಮ್ಮಿಯಾದಷ್ಟೂ ಪಕ್ಕದ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಟೈರು ಸಿಡಿಯುವುದು ಹೆಚ್ಚಾಗಿ ಹೀಗೆಯೇ.

ಇನ್ನು ಎಂಜಿನ್ ತಣಿಸುವ ನೀರಿನ ವ್ಯವಸ್ಥೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಹೋಸ್ ಪೈಪುಗಳನ್ನು ಕೈಯಲ್ಲಿ ಹಿಸುಕಿ ನೋಡು. ಮೆತ್ತಗೆ ಜೋಲುತ್ತಿದ್ದರೆ, ಕ್ಲಿಪ್ಪಿನ ಹತ್ತಿರ ಉಬ್ಬಿದ್ದರೆ, ಹಿಸುಕಿದಾಗ ಚಟಚಟ ಅಂದರೆ ಕ್ಲಿಪ್ಪಿನ ಸಮೇತ ಬದಲು ಮಾಡಿಸು. ಕೂಲೆಂಟು ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಇರಲಿ. ರೇಡಿಯೇಟರ್ ಮುಚ್ಚಳದ ರಬ್ಬರು ಸರಿಯಾಗಿ ಒತ್ತಡ ಹಿಡಿದರೆ ಈ ಮಿಶ್ರಣ 120 ಡಿಗ್ರಿಯಲ್ಲೂ ಕುದಿಯುವುದಿಲ್ಲ. ಮುಚ್ಚಳ ಹಳತಾಗಿ ಒತ್ತಡ ಬಿಟ್ಟರೆ ಅದಕ್ಕೂ ಮೊದಲೇ ಕುದಿದು ಹೊರಗೆ ಚೆಲ್ಲುತ್ತದೆ.

ಉಷ್ಣತೆಯ ಮುಳ್ಳು ಯಾವಾಗ ಏರುತ್ತದೆ ಅನ್ನುವುದನ್ನು ಗಮನಿಸು, ಅರ್ಧ ರೋಗ ಅದರಲ್ಲೇ ತಿಳಿಯುತ್ತದೆ. ನಿಂತಾಗ ಏರಿ ಓಡುವಾಗ ಇಳಿದರೆ ಫ್ಯಾನಿನ ಮೇಲೆ ಅನುಮಾನ ಪಡು. ವೇಗದಲ್ಲಿ ಏರಿ ನಿಧಾನಿಸಿದಾಗ ಇಳಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಬಿಸಿಯಾದಾಗ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಊರೊಳಗಿನ ಓಡಾಟದಲ್ಲಿ ಈ ಎರಡನೆಯದು ಕಾಣಿಸಿಕೊಳ್ಳುವುದೇ ಇಲ್ಲ. ದಾರಿಯಲ್ಲಿ ಏರತೊಡಗಿದರೆ ಎಸಿ ಆರಿಸಿ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸು. ಬೆವರು ಕಿತ್ತುಬರುತ್ತದೆ, ಬರಲಿ. ಸುರಕ್ಷಿತ ಜಾಗ ಸಿಗುವವರೆಗೆ ಎಂಜಿನ್ನಿನ ಬಿಸಿ ಒಂದಿಷ್ಟು ಇಳಿಯುತ್ತದೆ. ಕೆಂಪು ಮುಟ್ಟಿದರೆ ಮಾತ್ರ ತಕ್ಷಣ ಬದಿಗೆ ಹಾಕಿ ಆಫ್ ಮಾಡು. ಬಿಸಿ ಇದ್ದಾಗ ಮುಚ್ಚಳ ತೆರೆಯಬೇಡ, ತಣ್ಣೀರನ್ನೂ ಹೊಯ್ಯಬೇಡ. ಮೊದಲನೆಯದು ಮುಖ ಸುಡುತ್ತದೆ, ಎರಡನೆಯದರಿಂದ ಸಿಲಿಂಡರ್ ಹೆಡ್ ಸೀಳಬಹುದು.

ವಾಲ್ವು-ಪಿಸ್ಟನ್ನುಗಳ ಚಲನೆಯನ್ನು ಹೊಂದಿಸಿಡುವ ರಬ್ಬರಿನ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಕೊನೆಗೆ ಬದಲಾಯಿಸಿದ್ದು ಯಾವಾಗ ಅಂತ ದಾಖಲೆ ಹುಡುಕು. ಕಂಪನಿ ಕಿಲೋಮೀಟರಿನ ಜೊತೆ ವರ್ಷದ ಗಡುವನ್ನೂ ಕೊಟ್ಟಿರುತ್ತದೆ, ಯಾವುದು ಮೊದಲು ಬರುತ್ತದೋ ಅದು. ದಾಖಲೆ ಸಿಗದಿದ್ದರೆ ಬದಲಾಗಿಲ್ಲ ಅಂತಲೇ ತಿಳಿ. ಅದು ತುಂಡಾದರೆ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವುಗಳಿಗೆ ಪಿಸ್ಟನ್ ಬಡಿದು ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಪೆಟ್ರೋಲ್ ಪೈಪಿನ ರಬ್ಬರನ್ನೂ ನೋಡಿಸು. ಎಥನಾಲ್ ಬೆರೆತ ಪೆಟ್ರೋಲು ಹಳೇ ಕಾಲದ ರಬ್ಬರಿಗೆ ಆಗಿಬರುವುದಿಲ್ಲ. ವಾಸನೆ ಬಂದರೆ ಹೊರಡಲೇಬೇಡ.

ಬ್ರೇಕ್ ಆಯಿಲ್ ಎರಡು ವರ್ಷದ ಹಿಂದಿನದಾದರೆ ಬದಲಿಸು, ಅದು ತೇವ ಹೀರಿ ಬಿಸಿಯಲ್ಲಿ ಗುಳ್ಳೆಯಾಗುತ್ತದೆ, ಪೆಡಲು ಒಳಗಿಳಿಯುತ್ತದೆ. ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಓಡುವಾಗ 14ರ ಆಸುಪಾಸು ತೋರಿಸಬೇಕು. ಎಂಜಿನ್ ಆಯಿಲನ್ನು ಪ್ರತಿದಿನ ಬೆಳಿಗ್ಗೆ ಸಮತಟ್ಟು ಜಾಗದಲ್ಲಿ ನೋಡು. ವೇಗದಲ್ಲಿ ಹಳೇ ಎಂಜಿನ್ ಹೆಚ್ಚು ಆಯಿಲ್ ಕುಡಿಯುತ್ತದೆ, ಅದೇ ಗ್ರೇಡಿನ 1 ಲೀಟರ್ ಡಿಕ್ಕಿಯಲ್ಲಿರಲಿ.

ಇದೆಲ್ಲವನ್ನೂ ಹೊರಡುವ ಎರಡು ವಾರ ಮೊದಲೇ ಮುಗಿಸು, ಹಿಂದಿನ ದಿನವಲ್ಲ. ಹೊಸದಾಗಿ ಬಿಗಿದ ಕ್ಲಿಪ್ಪು, ಹೊಸ ವಾಟರ್ ಪಂಪಿನ ಗ್ಯಾಸ್ಕೆಟ್ಟು ಸೋರುವುದಿದ್ದರೆ ಮೊದಲ ಕೆಲವು ದಿನದಲ್ಲೇ ಸೋರುತ್ತದೆ. ಅಷ್ಟರೊಳಗೆ ಒಂದು ಸಲ ಹೆದ್ದಾರಿಯಲ್ಲಿ 150 ಕಿಲೋಮೀಟರ್ ಓಡಿಸಿ ಬಾ. ಮನೆಗೆ ಬಂದು ಗಾಡಿಯಡಿ ರಟ್ಟು ಹಾಸು, ಬೆಳಿಗ್ಗೆ ಯಾವ ಬಣ್ಣದ ಹನಿ ಬಿದ್ದಿದೆ ನೋಡು. ಚಕ್ರ ಬಿಚ್ಚಿದ್ದರೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡು.

ದಾರಿಯಲ್ಲಿ ಗಾಡಿ ಕೈಕೊಟ್ಟರೆ ಸಾಧ್ಯವಾದಷ್ಟು ಬದಿಗೆ ಸರಿಸಿ ಹಜಾರ್ಡ್ ಲೈಟ್ ಹಾಕು. ವಾಹನ ಓಡದ ಕಡೆಯ ಬಾಗಿಲಿನಿಂದ ಎಲ್ಲರನ್ನೂ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸು. ರಸ್ತೆಯ ಕಡೆಯ ಚಕ್ರ ಪಂಕ್ಚರ್ ಆದರೆ ನೀನೇ ಬಿಚ್ಚಲು ಕೂರಬೇಡ, ಟೋಯಿಂಗ್ ಗಾಡಿಗೆ ಫೋನ್ ಮಾಡು. ಆ ನಂಬರನ್ನು ಹೊರಡುವ ಮೊದಲೇ ಬರೆದಿಟ್ಟುಕೊಂಡಿರು, ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ.

ಇತಿ ನಿನ್ನ
ದೊಡ್ಡಪ್ಪ