ನದಿ ದಡದ ಆ ಹಿರಿಯರಿಗೆ ಕೃತಜ್ಞತೆಗಳು

ಹೆಸರು ಕೇಳುವಷ್ಟರಲ್ಲಿ ಕೆಲಸಕ್ಕೆ ಮರಳಿಬಿಟ್ಟ ಹಿರಿಯರೊಬ್ಬರಿಗೆ ಈ ಬರಹದ ಮೂಲಕ ಧನ್ಯವಾದ ಹೇಳಬೇಕಾಗಿದೆ. ಮೇಲ್ಭಾಗದಲ್ಲಿ ಸುರಿದ ಮಳೆಯಿಂದ ನದಿ ಏಕಾಏಕಿ ಏರಿ, ದೋಣಿ ಸಂಚಾರ ನಿಂತು, ಮಂಡಿನೋವಿನ ತಾಯಿಯೊಂದಿಗೆ ನಾನು ಕತ್ತಲಾಗುವ ಹೊತ್ತಿಗೆ ದಿಕ್ಕು ತೋಚದೆ ನಿಂತಿದ್ದಾಗ, ದೋಣಿಗಳನ್ನು ಬಿಗಿದು ಕಟ್ಟುತ್ತಿದ್ದ ಅವರು ನಾವು ಕೇಳುವ ಮೊದಲೇ ಬಂದು, ತಾವೇ ಕಟ್ಟಿದ ಪುಟ್ಟ ಪ್ರಾರ್ಥನಾಲಯದ ಬಾಗಿಲು ತೆರೆದರು. ಹಳೆಯ ನೆರೆಯ ಗುರುತಿಗಿಂತ ಎತ್ತರದಲ್ಲಿ ಕಲ್ಲಿನ ಜಗಲಿ ಕಟ್ಟಿರುವುದನ್ನೂ, ಗೋಡೆಯ ತೇವ ಆರಿಹೋಗಲೆಂದು ಸಿಮೆಂಟಿನ ಬದಲು ಸುಣ್ಣದ ಗಾರೆ ಬಳಸಿರುವುದನ್ನೂ, ಅಮ್ಮನ ಭಯ ಕಳೆಯಲೆಂದೇ ಇರಬೇಕು, ನಿಧಾನವಾಗಿ ವಿವರಿಸಿದರು.

ಒಳಗೆ ಮೂರ್ನಾಲ್ಕು ಜನರಿಗಷ್ಟೇ ಜಾಗವಿತ್ತು. ಬೆಂಚಿನ ಮೇಲೆ ತಮ್ಮ ಒಣ ಶಾಲು ಹಾಸಿ ಅಮ್ಮನನ್ನು ಕೂರಿಸಿದರು. ಗಾಳಿಗೆ ಮೇಣದಬತ್ತಿ ಆರದಂತೆ ಕಿಟಕಿಗೆ ಹಲಗೆ ಆನಿಸಿದರು. ಆಗಾಗ ಹೊರಗೆ ಹೋಗಿ, ದಡದಲ್ಲಿ ನೆಟ್ಟಿದ್ದ ಗುರುತಿನ ಕೋಲನ್ನು ನೋಡಿ ಬಂದು, ನೀರು ಎಲ್ಲಿಯವರೆಗಿದೆ ಎಂದು ನನಗಲ್ಲ, ಅಮ್ಮನಿಗೇ ಹೇಳುತ್ತಿದ್ದರು. ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಅದೇ. ಏರುವುದು ನಿಂತಿದೆ ಎಂದು ಅವರು ತಿಳಿಸಿದಾಗ ಅಮ್ಮನ ಕೈನಡುಕ ನಿಂತಿತು, ನನಗೂ ಉಸಿರಾಟ ಸಲೀಸಾಯಿತು.

ಬೆಳಗ್ಗೆ ನಾವು ಕೊಡಲು ಹೋದ ಹಣವನ್ನು ಅವರು ಮುಟ್ಟಲಿಲ್ಲ. ಅಮ್ಮನ ಕೈಹಿಡಿದು ದೋಣಿ ಹತ್ತಿಸಿದರು. ಹಿರಿಯರೇ, ಅಮ್ಮ ಕ್ಷೇಮವಾಗಿದ್ದಾರೆ. ನಾವಿಬ್ಬರೂ ನಿಮಗೆ ಮನಃಪೂರ್ವಕವಾಗಿ ಕೃತಜ್ಞರು.