ಗೋಡೆ ಒಣಗುವ ಮುನ್ನ

ಮೈಸೂರು

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ಮನೆಯ ಸಮಾಚಾರವೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಮೂರನೆಯ ಹಾಳೆಯ ಕೊನೆಗೆ ಒಂದು ಸಾಲು ಬರೆದು, ಮತ್ತೆ ಹೊಡೆದುಹಾಕಿದ್ದೀಯಲ್ಲ, ‘ನಾನು ಮುಖ ಮುಗಿಸೋ ಮೊದಲೇ ಗೋಡೆ ಒಣಗಿಬಿಡುತ್ತೆ ಮಾವ, ರಾತ್ರಿ ನಿದ್ದೆ ಬರಲ್ಲ’ ಅಂತ. ಹೊಡೆದಿದ್ದರೂ ಓದಲು ಬಂತು. ಎರಡು ದಿನದಿಂದ ನನ್ನ ತಲೆಯಲ್ಲೂ ಅದೇ ಸುತ್ತುತ್ತಿದೆ.

ಗೋಡೆಯ ಸುಣ್ಣದ ಗಾರೆ ಹಸಿಯಿರುವಾಗಲೇ ಬರೆಯುವ ಈ ಹಸಿಗಾರೆಯ ಚಿತ್ರದಲ್ಲಿ, ಅಂದರೆ ಫ್ರೆಸ್ಕೊದಲ್ಲಿ, ಅಂಟಿಲ್ಲ, ಮೊಟ್ಟೆಯಿಲ್ಲ, ಬಣ್ಣದ ಪುಡಿ ಮತ್ತು ನೀರು ಅಷ್ಟೆ. ಅರಳಿಸಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಆಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ನೀನು ಹೆದರುವ ಆ ಒಣಗುವಿಕೆಯೇ ನಿನ್ನ ಬಣ್ಣವನ್ನು ಕಾಯುವುದು. ಇದು ನಿನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದವರಿಗೂ ಮಧ್ಯಾಹ್ನದ ಹೊತ್ತಿಗೆ ಕೈ ನಡುಗುತ್ತದೆ.

ಈ ಭಯಕ್ಕೆ ದಾರಿ ಬಿಟ್ಟುಕೊಟ್ಟವರಲ್ಲಿ ಲಿಯೊನಾರ್ಡೊನೂ ಒಬ್ಬ. ಮಿಲಾನಿನ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಊಟದ ಮನೆಯಲ್ಲಿ, 1495ರಿಂದ 1498ರ ತನಕ, ‘ಕೊನೆಯ ಭೋಜನ’ದ ಚಿತ್ರ ಬರೆಯುವಾಗ ಅವನಿಗೆ ಒಂದೊಂದು ಮುಖದ ನೆರಳನ್ನೂ ದಿನಗಟ್ಟಲೆ ತಿದ್ದಬೇಕಿತ್ತು. ಹಸಿಗಾರೆ ಅಷ್ಟು ಹೊತ್ತು ಕೊಡುವುದಿಲ್ಲ. ಅದಕ್ಕೇ ಒಣ ಗೋಡೆಗೆ ಬಿಳಿ ಲೇಪ ಕೊಟ್ಟು, ಅದರ ಮೇಲೆ ಮೊಟ್ಟೆ, ಎಣ್ಣೆ ಕಲಸಿದ ಬಣ್ಣ ಹಚ್ಚಿದ. ಅವನು ಬದುಕಿದ್ದಾಗಲೇ, 1517ರ ಹೊತ್ತಿಗೆ, ಚಿತ್ರ ಕೆಡುತ್ತಿದೆ ಎಂದು ನೋಡಿದವರು ಬರೆದಿಟ್ಟರು. ಉಳಿದಷ್ಟನ್ನು ಬಿಡಿಸಿ ಕಾಪಾಡಲು 1978ರಿಂದ 1999ರವರೆಗೆ ಬೇಕಾಯಿತು. ಅವನನ್ನು ದೂರಲು ಇದನ್ನು ಹೇಳುತ್ತಿಲ್ಲ ಕಣಮ್ಮ. ಅಂಥ ಕೈಗೂ ಗೋಡೆ ರಿಯಾಯಿತಿ ತೋರಲಿಲ್ಲ ಎನ್ನುವುದು ನೆನಪಾಯಿತು.

ನೀನಿರುವ ಫ್ಲಾರೆನ್ಸಿನಲ್ಲೇ ಚಿತ್ರಕಾರ ಮಸಾಚ್ಚೊನ ಕೆಲಸ ಇದೆ. ಬ್ರಾಂಕಾಚ್ಚಿ ಚಾಪೆಲ್‌ನಲ್ಲಿ ಆದಮ್, ಈವ್ ತೋಟದಿಂದ ಹೊರಬೀಳುವ ಚಿತ್ರ ನಾಲ್ಕೇ ದಿನದ ಕೆಲಸ, ಒಂದು ದಿನದಲ್ಲಿ ಬರೆದು ಮುಗಿಸುವಷ್ಟೇ ಹಾಕಿದ ಗಾರೆಯ ನಾಲ್ಕು ತುಂಡು. ಅಷ್ಟೊಂದು ಅಳು ಇರುವ ಈವಳ ಆ ಮುಖ ತಿದ್ದಿ ತಿದ್ದಿ ಬಂದದ್ದಲ್ಲ. ಅಕ್ಕಪಕ್ಕದ ತುಂಡುಗಳ ಜೋಡುಗಳನ್ನು ಓರೆ ಬೆಳಕಿನಲ್ಲಿ ಹುಡುಕಿ ನೋಡು. ಮೈಯ ಅಂಚು, ಬಟ್ಟೆಯ ನೆರಿಗೆ, ಎಲ್ಲಿ ಗೆರೆ ಹೇಗಿದ್ದರೂ ಬರಲೇಬೇಕೋ ಅಲ್ಲೇ ಸಾಮಾನ್ಯವಾಗಿ ಗಾರೆ ಕೊಯ್ದಿರುತ್ತಾರೆ.

ಹಾಗಾಗಿ, ಹೇಳಬೇಕೋ ಬೇಡವೋ, ನಿನ್ನ ಗೋಡೆ ಬೇಗ ಒಣಗುತ್ತಿಲ್ಲ, ನಿನ್ನ ತುಂಡು ದೊಡ್ಡದಾಗಿದೆ. ಮುಖ, ಕೈ, ಸೆರಗು ಮೂರನ್ನೂ ಒಂದೇ ಬೆಳಗಿಗೆ ಹಾಕಿಕೊಂಡಿದ್ದೀಯ. ಸುಮಾರು 1400ರಲ್ಲಿ ಕಸುಬಿನ ಕೈಪಿಡಿ ಬರೆದ ಚೆನ್ನೀನೊ ಚೆನ್ನೀನಿ, ಒಂದು ದಿನದ ಪಾಲಿಗೆ ಮಾತೆ ಮರಿಯಳಂಥ ಎಳೆಯ ತಲೆ ಒಂದೇ ಸಾಕು ಎನ್ನುವಂತೆ ಕೆಲಸ ಹೇಳಿಕೊಡುತ್ತಾನೆ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಮರಳು ಎನ್ನುವ ಅವನ ಲೆಕ್ಕವೇ ನನಗೂ ಸರಿಕಂಡದ್ದು. ಸುಣ್ಣ ತಿಂಗಳುಗಟ್ಟಲೆ ನೀರಿನಡಿ ಮಾಗಿರಬೇಕು, ವರ್ಷ ದಾಟಿದ್ದರೆ ಇನ್ನೂ ಮೇಲು. ಮರಳು ಹರಿತವಾಗಿರಲಿ, ತೊಳೆದದ್ದಾಗಿರಲಿ. ಉಪ್ಪಿನಂಶವಿದ್ದರೆ ವರ್ಷದೊಳಗೆ ಬಿಳಿ ಹೂ ಬಿಟ್ಟು ಬಣ್ಣವನ್ನು ದೂಡಿ ಹಾಕುತ್ತದೆ.

ಒಣಗುತ್ತದೆಂದು ಹೆದರಿದವರು ಮೊದಲು ಮಾಡುವ ತಪ್ಪು ಗಾರೆಗೆ ನೀರು ಹೆಚ್ಚಿಸುವುದು. ನೀನೂ ಮಾಡಿರುತ್ತೀಯ ಎಂದು ನನ್ನ ಅನುಮಾನ. ರೋಮಿನ ಸಿಸ್ಟೀನ್ ಚಾಪೆಲ್ಲಿನ ಚಾವಣಿಯಲ್ಲಿ ಮೈಕೆಲೆಂಜೆಲೊ ಜಲಪ್ರಳಯದ ಚಿತ್ರ ಮಾಡುವಾಗ ಬೂಷ್ಟು ಹತ್ತಿತು. ಈ ಕೆಲಸ ನನ್ನದಲ್ಲ ಎಂದು ಪೋಪ್ ಹತ್ತಿರ ಹೋಗಿ ನಿಂತ. ಸುಣ್ಣ ನೀರಾಗಿದೆ ಅಷ್ಟೆ ಎಂದು ವಾಸ್ತುಶಿಲ್ಪಿ ಜೂಲಿಯಾನೊ ದ ಸಾಂಗಾಲ್ಲೊ ತೋರಿಸಿಕೊಟ್ಟ ಮೇಲೆ ಮುಂದುವರಿದ. ನೀರು ಗಾರೆಗೆ ಬೇಡ, ಅಡಿಯ ಗೋಡೆಗೆ ಕೊಡು. ಹಿಂದಿನ ರಾತ್ರಿ ಚೆನ್ನಾಗಿ ನೆನೆಸು, ಬೆಳಗ್ಗೆ ಇನ್ನೊಮ್ಮೆ. ಅಡಿಯ ಒರಟು ಗಾರೆ ಕುಡಿದು ತಣಿದಿದ್ದರೆ ಮೇಲಿನ ಮೂರು–ಐದು ಮಿಲಿಮೀಟರಿನ ನಯಗಾರೆಯನ್ನು ಹೀರುವುದಿಲ್ಲ. ಕಿಟಕಿ ಮುಚ್ಚು, ಗಾಳಿ ಬಿಸಿಲಿಗಿಂತ ಬೇಗ ಒಣಗಿಸುತ್ತದೆ.

ಊರಿನ ಗಾರೆಗೆ ಹಾಕುವ ಹಾಗೆ ಬೆಲ್ಲದ ನೀರು ಬೆರೆಸಲೇ ಎಂದು ಕೇಳಿದ್ದೀಯ. ನಮ್ಮ ಹಳೆಯ ಗೋಡೆ, ತಾರಸಿಗೆ ಬೆಲ್ಲವೂ ಅಳಲೆಕಾಯಿಯೂ ಸರಿ, ಚಿತ್ರದಡಿಗೆ ಬೇಡ. ಮೆಕ್ಸಿಕೊದ ಚಿತ್ರಕಾರ ದಿಯೆಗೊ ರಿವೆರಾ ಇಟಲಿಯ ಗೋಡೆಗಳನ್ನು ನೋಡಿ ಹೋಗಿ, 1923ರಿಂದ ಮೆಕ್ಸಿಕೊ ನಗರದ ಶಿಕ್ಷಣ ಇಲಾಖೆಯ ಕಟ್ಟಡದಲ್ಲಿ ಬರೆಯುವಾಗ ಮೊದಮೊದಲು ಪಾಪಾಸುಕಳ್ಳಿಯ ಲೋಳೆ ಬೆರೆಸಿದ್ದ. ಕೊಳೆಯುವ ಪದಾರ್ಥ ಕಲೆ ಬಿಡುತ್ತದೆ. ಅವನೂ ಲೋಳೆ ಬೆರೆಸುವುದನ್ನು ಬಿಟ್ಟ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಒಣಗಿಬಿಟ್ಟರೆ? ಗಾರೆ ಹಾಕಿದ ಕೂಡಲೇ ಕುಂಚ ಹಿಡಿಯಬೇಡ. ಬೆರಳೊತ್ತಿದರೆ ಗುಳಿ ಬೀಳದಿರಬೇಕು, ತಂಪು ಮಾತ್ರ ತಾಗಬೇಕು. ಅಲ್ಲಿಂದ ಮುಂದೆ ಹವೆ ನೋಡಿಕೊಂಡು ಆರೆಂಟು ಗಂಟೆ ನಿನ್ನದು. ಕೊನೆಯ ಒಂದೆರಡು ಗಂಟೆಯಲ್ಲೇ ಗೋಡೆ ಬಣ್ಣವನ್ನು ಆಸೆಯಿಂದ ಕುಡಿಯುವುದು, ಕೆನ್ನೆ, ತುಟಿಗಳನ್ನು ಅದಕ್ಕೆ ಉಳಿಸಿಕೊ. ಕುಂಚ ಜಾರುವುದು ಬಿಟ್ಟು ಎಳೆಯತೊಡಗಿದರೆ ನಿಲ್ಲಿಸು. ಆ ಮೇಲೆ ಹಚ್ಚಿದ್ದು ಮೇಲೆಯೇ ಕೂತು, ಒಣಗಿದ ಮೇಲೆ ಒದ್ದೆ ಬೆರಳಿಗೆ ಬಂದುಬಿಡುತ್ತದೆ.

ವಿದ್ಯಾರ್ಥಿಯಾಗಿದ್ದಾಗ ನಾನು ನಿಲ್ಲಿಸಲಿಲ್ಲ. ಮುಗಿಯದ ಭಾಗವನ್ನು ಕರಣೆಯಿಂದ ಕೊಯ್ದು ಎಸೆದು, ಮಾರನೆಯ ದಿನ ಹೊಸ ಗಾರೆ ಹಾಕಬೇಕಿತ್ತು. ಕೀಳುವ ಧೈರ್ಯ ಬರಲಿಲ್ಲ. ಆ ಪುಡಿಯುದುರುವ ಸೆರಗನ್ನು ನೋಡಲಾರದೆ ಮುಂದೆ ಹಸಿ ಗೋಡೆಯ ಹತ್ತಿರ ಹೋಗುವುದನ್ನೇ ಬಿಟ್ಟೆ. ನಿನ್ನ ಒಂದು ಸಾಲು ಇಷ್ಟು ತಾಗಿದ್ದಕ್ಕೆ ಕಾರಣ ಅದೇ ಇರಬೇಕು. ಕೀಳು ಪುಟ್ಟಿ, ಅಂಚನ್ನು ಹೊರಕ್ಕೆ ಇಳಿಜಾರಾಗಿ ಕೊಯ್ದು, ಮಾರನೆಯ ದಿನ ಆ ಅಂಚು ನೆನೆಸಿ ಜೋಡಿಸು.

ಬಣ್ಣದ ಮಾತು ನಿನ್ನ ಗುರುಗಳು ಹೇಳಿರುತ್ತಾರೆ, ಹೆಚ್ಚು ಹೇಳಿದರೆ ಅಧಿಕಪ್ರಸಂಗ. ಮಣ್ಣಿನ ಬಣ್ಣಗಳು ಸುಣ್ಣಕ್ಕೆ ಹೆದರುವುದಿಲ್ಲ. ಸೀಸದ ಬಿಳಿ ಮಾತ್ರ ಮುಟ್ಟಬೇಡ, ಇಟಲಿಯ ಅಸ್ಸೀಸಿಯಲ್ಲಿ ಹಳೆಯ ಚಿತ್ರಕಾರ ಚಿಮಾಬುವೆ ಹಚ್ಚಿದ್ದು ಕಪ್ಪಾಗಿ, ಬೆಳಕಿರಬೇಕಾದಲ್ಲಿ ನೆರಳು ಕೂತಿದೆ. ಒಣಗಿದಾಗ ಎಲ್ಲ ಬಣ್ಣವೂ ತೆಳುವಾಗುತ್ತದೆ, ಒಣ ಇಟ್ಟಿಗೆಯ ಮೇಲೆ ಒಂದು ಗೀಟು ಎಳೆದು ನೋಡಿಕೊ.

ಶಾಂತಿನಿಕೇತನದ ಹಿಂದಿ ಭವನದಲ್ಲಿ 1946–47ರಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಮಧ್ಯಯುಗದ ಸಂತರನ್ನು ಬರೆದದ್ದೂ ಇದೇ ಹಸಿಗಾರೆಯ ಮೇಲೆ, ಗೋಡೆಗೆ ನಕಲು ಇಳಿಸದೆ, ನೇರವಾಗಿ. ಅವರಿಗೆ ಹುಟ್ಟಿನಿಂದಲೇ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿ ಮಂದ, ಹತ್ತು ವರ್ಷ ಕಳೆದ ಮೇಲೆ ಅದೂ ಹೋಯಿತು. ಗೋಡೆ ಒಣಗುವ ಹೊತ್ತು ಅವರಿಗೂ ಅಷ್ಟೇ ಇತ್ತು. ರಜಕ್ಕೆ ಬಂದಾಗ ಇಬ್ಬರೂ ಹೋಗಿ ನೋಡೋಣ. ನಾನು ನೋಡಿ ಬಹಳ ಕಾಲವಾಯಿತು.

ಮುಂದಿನ ಕಾಗದದಲ್ಲಿ ಹೊಡೆದುಹಾಕದೆ ಎರಡು ಸಮಯ ಬರೆದು ಕಳಿಸು: ಗಾರೆ ಹಾಕಿದ್ದು ಎಷ್ಟಕ್ಕೆ, ಕುಂಚ ಎಳೆಯತೊಡಗಿದ್ದು ಎಷ್ಟಕ್ಕೆ. ತುಂಡಿನ ಉದ್ದಗಲವನ್ನೂ ಪಕ್ಕದಲ್ಲೇ ಬರಿ.

ನಿನ್ನ ಸೋದರಮಾವ